ಪುಟ್ ಆಫ್, ಕಾಲ್ ಆಫ್ ಮತ್ತು ಜಾನ್ಸನ್ ಸಾಹೇಬರು

ಮೊದಲ ಕೆಲಸದಲ್ಲಿ ನಾನು ಮಾಡಿದ ಎಡವಟ್ಟು ಇನ್ನೂ ನೆನಪಿದೆ. ಮೀಟಿಂಗ್ 'ಪುಟ್ ಆಫ್' ಆಗಿದೆ, ಮುಂದಿನ ವಾರ ಅಂತ ಮೇಲ್ ಬಂದಿತ್ತು. ನಾನು ಅದನ್ನೇ 'ಕಾಲ್ ಆಫ್' ಅಂದುಕೊಂಡು, ರದ್ದಾಯ್ತು ಅಂತ ಎಲ್ಲರಿಗೂ ಹೇಳಿಬಿಟ್ಟೆ. ಮುಂದಿನ ವಾರ ಯಾರೂ ಬರಲಿಲ್ಲ! ಕನ್ನಡ ಮೀಡಿಯಂನವನು ಅಂತ ಬಹಳ ದಿನ ಕುಗ್ಗಿಹೋಗಿದ್ದೆ.

ಆಮೇಲೆ ಗೊತ್ತಾಯ್ತು, ಇದು ಹಳೇ ರೋಗ. 1755ರಲ್ಲಿ ಲಂಡನ್ನಿನಲ್ಲಿ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲೇ ಇದನ್ನು ಒಪ್ಪಿಕೊಂಡಿದ್ದಾರೆ. ಕ್ರಿಯಾಪದಕ್ಕೆ ಪುಟ್ಟ ಪದವೊಂದನ್ನು ಅಂಟಿಸಿ ಅರ್ಥವನ್ನೇ ಬದಲಿಸುವ ಚಾಳಿ ಇಂಗ್ಲಿಷಿನಲ್ಲಿ ಬಹಳ, ಪರಭಾಷೆಯವರಿಗೆ ತೀರಾ ಕಷ್ಟ ಕೊಡುವುದೂ ಅದೇ ಅನ್ನುತ್ತಾರೆ. ಕಮ್ ಆಫ್, ಫಾಲ್ ಆಫ್, ಬ್ರೇಕ್ ಆಫ್... ಹೀಗೆ ಉದಾಹರಣೆಗಳ ಸಾಲನ್ನೇ ಕೊಟ್ಟಿದ್ದಾರೆ. ಅದರಲ್ಲಿ 'ಟೇಕ್ ಆಫ್' ಅಂದರೆ ನಕಲು ಮಾಡು. ಆಗ ವಿಮಾನ ಎಲ್ಲಿತ್ತು ಪಾಪ :-)

ಈ ರೋಗಕ್ಕೆ 'ಫ್ರೇಸಲ್ ವರ್ಬ್' ಅನ್ನುವ ಹೆಸರು ಚಾಲ್ತಿಗೆ ಬಂದದ್ದು 1925ರ ಲೋಗನ್ ಪಿಯರ್ಸಲ್ ಸ್ಮಿತ್ ಪುಸ್ತಕದಿಂದ. ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಹೆನ್ರಿ ಬ್ರಾಡ್ಲಿ.

ನಾವೇನು ಕಮ್ಮಿ ಇಲ್ಲ ಬಿಡಿ. ಕೈಹಿಡಿ, ಕೈಬಿಡು, ಕೈಮಾಡು... ಕನ್ನಡ ಕಲಿಯುತ್ತಿದ್ದ ಗೆಳೆಯನಿಗೆ ಒಮ್ಮೆ, "ಅವನು ನನಗೆ ಕೈಕೊಟ್ಟ ಮಾರಾಯ" ಅಂದೆ. "ಒಳ್ಳೆಯದಾಯ್ತಲ್ಲ, ರಾಜಿ ಆದ್ರಾ?" ಅಂದ!