ಜ್ಞಾನಸ್ನಾನದ ಪುಸ್ತಕದಿಂದ ರಹದಾರಿ ಪತ್ರದವರೆಗೆ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಂಡು ಬಂದವರು ಅಲ್ಲಿನ ಮದನಿಕೆಯರನ್ನು ಮರೆಯಲಾರರು. ಆದರೆ ಆ ವಿಗ್ರಹಗಳ ಅಡಿಯಲ್ಲಿ ಶಿಲ್ಪಿಗಳು ಕೆತ್ತಿಟ್ಟಿರುವ ಸಣ್ಣ ಅಕ್ಷರಗಳನ್ನು ನಿಂತು ಗಮನಿಸುವವರು ವಿರಳ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಆ ಗುಡಿಯಲ್ಲಿ ದುಡಿದವರ ಪೈಕಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಸೇರಿದ್ದರೆಂಬುದು ನಮಗೆ ತಿಳಿದಿರುವುದು ಆ ಅಕ್ಷರಗಳಿಂದಲೇ. ತನ್ನ ಹೆಸರು, ತಂದೆಯ ಹೆಸರು, ಹುಟ್ಟಿದ ಊರು: ಮನುಷ್ಯನು ತನ್ನೂರನ್ನು ಬಿಟ್ಟು ದೂರ ಹೋದಾಗ 'ನೀನು ಯಾರು?' ಎಂಬ ಪ್ರಶ್ನೆಗೆ ಕೊಡಬೇಕಾದ ಉತ್ತರ ಒಂಬೈನೂರು ವರ್ಷಗಳ ಹಿಂದೆಯೂ ಇದೇ ಆಗಿತ್ತು, ಇಂದೂ ಇದೇ ಆಗಿದೆ.

ಬೇಲೂರು ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪರದೇಶಗಳ ಯಾತ್ರಿಕರು ತಮ್ಮ ಪಾಸ್‌ಪೋರ್ಟುಗಳನ್ನು ಹಿಡಿದು ನಮ್ಮ ನಾಡಿಗೆ ಬರುತ್ತಾರೆ. ನಮ್ಮ ಮಕ್ಕಳು ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೂ ಮುಂಬಯಿಗೂ ಹೋಗಿ, ಅಲ್ಲಿಂದ ಕೊಲ್ಲಿ ದೇಶಗಳಿಗೂ ಯೂರೋಪಿಗೂ ತೆರಳುತ್ತಾರೆ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಹಿರಿಯರ ತ್ಯಾಗವನ್ನೂ ದೇವಾಲಯದ ಕಟ್ಟಡವನ್ನೂ ಸ್ಮರಿಸುವುದು ಸಹಜ. ಅದರೊಡನೆ, ಗುರುಗಳ ಕಚೇರಿಯ ಬೀರುವಿನಲ್ಲಿ ಮೌನವಾಗಿ ಕುಳಿತಿರುವ ಒಂದು ಪುಸ್ತಕವನ್ನೂ ಸ್ಮರಿಸಬೇಕೆಂಬುದು ನಮ್ಮ ಅಪೇಕ್ಷೆ. ಅದೇ ಜ್ಞಾನಸ್ನಾನದ ದಾಖಲೆ ಪುಸ್ತಕ.

ಈ ಪುಸ್ತಕದ ಇತಿಹಾಸ ನಮ್ಮ ಧರ್ಮಕೇಂದ್ರಕ್ಕಿಂತಲೂ ಬಹು ಹಳೆಯದು. 1563ರಲ್ಲಿ ಟ್ರೆಂಟ್ ಮಹಾಸಭೆಯು ಪ್ರತಿಯೊಬ್ಬ ಧರ್ಮಕೇಂದ್ರದ ಗುರುವೂ ವಿವಾಹಗಳ ಪುಸ್ತಕವನ್ನು ಇಡಬೇಕೆಂದೂ, ಜ್ಞಾನಸ್ನಾನದ ಸಮಯದಲ್ಲಿ ಜ್ಞಾನತಂದೆ ಜ್ಞಾನತಾಯಿಯರ ಹೆಸರನ್ನು ಬರೆದಿಡಬೇಕೆಂದೂ ವಿಧಿಸಿತು. 1614ರ ರೋಮನ್ ಸಂಸ್ಕಾರ ವಿಧಿಯ ಗ್ರಂಥವು ಹೇಗೆ ಬರೆಯಬೇಕೆಂಬ ಮಾದರಿಯನ್ನೇ ಕೊಟ್ಟಿತು. ನಮ್ಮ ಸೀಮೆಗೆ ಬಂದ ಫ್ರೆಂಚ್ ಮಿಷನರಿಗಳು ಈ ಪದ್ಧತಿಯನ್ನು ತಮ್ಮೊಡನೆ ತಂದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಅಬ್ಬೆ ದ್ಯುಬುವಾ ಅವರು ಸೇವೆ ಸಲ್ಲಿಸಿದ ಕಾಲದಲ್ಲಿ ಸರಕಾರದ ಜನನ ನೋಂದಣಿ ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ಬಡ ರೈತನ ಮಗುವೊಂದು ಹುಟ್ಟಿತೆಂಬುದಕ್ಕೆ ಲಿಖಿತ ಸಾಕ್ಷಿಯಾಗಿ ನಿಂತದ್ದು ಧರ್ಮಸಭೆಯ ಪುಸ್ತಕ. ಶೆಟ್ಟಿಹಳ್ಳಿಯ ಹಳೆಯ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಊರು ಮುಳುಗಿ ಜನ ಚದುರಿ ಹೋದ ಮೇಲೆ ಯಾರು ಯಾರ ಮಗ ಎಂಬುದನ್ನು ನುಡಿಯಬಲ್ಲದ್ದು ಕಲ್ಲಿನ ಗೋಡೆಯಲ್ಲ, ಬರಹ.

ಆದರೆ ಆ ಬರಹದಲ್ಲಿಯೇ ಒಂದು ತೊಡಕೂ ಅಡಗಿದೆ. ಮಿಷನರಿಗಳು ಬರೆದದ್ದು ಲತೀನ್ ಭಾಷೆಯಲ್ಲಿ. ಅಲ್ಲಿ 'ಪೇತ್ರುಸ್' ಎಂದಿರುವಾತ ಮನೆಯಲ್ಲಿ ರಾಯಪ್ಪ, 'ಪೌಲುಸ್' ನಮಗೆ ಚಿನ್ನಪ್ಪ, 'ಯೊವಾನ್ನೆಸ್' ಅರುಳಪ್ಪ, 'ಇಗ್ನಾಸಿಯುಸ್' ಇನ್ನಾಸಪ್ಪ, 'ಕ್ಸವೇರಿಯುಸ್' ಚೌರಪ್ಪ. ಸಂತರೊಬ್ಬರ ಹೆಸರು ತಮಿಳಿನ ದಾರಿಯಲ್ಲಿ ನಡೆದು ಕನ್ನಡದ ಮನೆಯೊಳಗೆ ಬಂದು ಅಪ್ಪಟ ನಮ್ಮದಾದ ಚರಿತ್ರೆ ಇದು. ಇದರಲ್ಲಿ ನಾಚುವಂಥದ್ದೇನೂ ಇಲ್ಲ. ಆದರೆ ಅದೇ ಮನುಷ್ಯ ಶಾಲೆಯಲ್ಲಿ ಪೀಟರ್ ಆದ, ಮತದಾರರ ಪಟ್ಟಿಯಲ್ಲಿ ಪೀಟರಪ್ಪನಾದ, ಪಡಿತರ ಚೀಟಿಯಲ್ಲಿ ಮತ್ತೆ ರಾಯಪ್ಪನಾದ. ಹಳ್ಳಿಯಲ್ಲಿರುವವರೆಗೆ ನಾಲ್ವರೂ ಒಬ್ಬನೇ. ದೇಶದ ಗಡಿಯಲ್ಲಿ ಮಾತ್ರ ಅವರು ನಾಲ್ಕು ಮಂದಿ!

ಗಡಿಯಲ್ಲಿ ಪತ್ರ ತೋರಿಸುವ ವಾಡಿಕೆಯೂ ಪುರಾತನವಾದುದೇ. ನೆಹೆಮೀಯನು ಜೆರುಸಲೇಮಿಗೆ ಹೊರಟಾಗ ನದಿಯಾಚೆಯ ಅಧಿಪತಿಗಳಿಗೆ ಪರ್ಷಿಯದ ಅರಸನಿಂದ ಪತ್ರಗಳನ್ನು ಬೇಡಿ ಪಡೆದನೆಂಬುದನ್ನು ಬೈಬಲಿನಲ್ಲಿ ಓದುತ್ತೇವೆ. ಆದರೂ ಇಂದಿನ ರೀತಿಯ ಕಟ್ಟುನಿಟ್ಟು ಬಂದದ್ದು 1914ರಿಂದ 1918ರವರೆಗಿನ ಮಹಾಯುದ್ಧದ ಕಾಲದಿಂದ. ನಮ್ಮಲ್ಲಿ 1920ರಲ್ಲಿ ಪಾಸ್‌ಪೋರ್ಟ್ ಕಾಯಿದೆಯೊಂದು ಬಂತು. ಅದು ಮುಖ್ಯವಾಗಿ ದೇಶದೊಳಗೆ ಬರುವವರನ್ನು ಕುರಿತದ್ದು. ಮೈಸೂರು ಸಂಸ್ಥಾನದ ಪ್ರಜೆಗಳಾಗಿದ್ದ ನಮ್ಮ ಹಿರಿಯರು ಹೊರಗೆ ಹೋದರೆ ಬ್ರಿಟಿಷರ ರಕ್ಷಣೆಯಲ್ಲಿರುವ ವ್ಯಕ್ತಿಗಳೆಂದು ಗಣಿತರಾಗುತ್ತಿದ್ದರು. ಸ್ವಾತಂತ್ರ್ಯಾನಂತರವೂ ಪಾಸ್‌ಪೋರ್ಟು ಕೊಡುವುದು ಬಿಡುವುದು ಸರಕಾರದ ಇಚ್ಛೆಯಾಗಿಯೇ ಇತ್ತು. 1967ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರದೇಶಕ್ಕೆ ಪ್ರಯಾಣ ಮಾಡುವುದು ವೈಯಕ್ತಿಕ ಸ್ವಾತಂತ್ರ್ಯದ ಒಂದು ಅಂಗವೆಂದು ತೀರ್ಪಿತ್ತಿತು. ಅದರ ಬೆನ್ನಲ್ಲೇ ಆ ವರ್ಷವೇ ಈಗ ಜಾರಿಯಲ್ಲಿರುವ ಪಾಸ್‌ಪೋರ್ಟ್ ಕಾಯಿದೆ ಬಂತು. ಅಂದಿನಿಂದ ಅದು ಕೃಪೆಯಲ್ಲ, ಕಾಯಿದೆಗೆ ಒಳಪಟ್ಟ ಹಕ್ಕು.

ಹಕ್ಕು ಬಂದರೆ ಸಾಲದು, ಅದನ್ನು ಪಡೆಯಲು ಪುರಾವೆ ಬೇಕು. ಜನನ ಮರಣಗಳ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ನಮ್ಮವರಲ್ಲಿ ಬಹು ಮಂದಿಗೆ ಸರಕಾರದ ಜನನ ಪತ್ರವಿಲ್ಲ. ಗುರುಗಳು ಜ್ಞಾನಸ್ನಾನದ ಪುಸ್ತಕದಿಂದ ನಕಲು ಮಾಡಿ ಕೊಟ್ಟ ಪ್ರಮಾಣಪತ್ರವನ್ನು ತೋರಿಸಿ ಮಕ್ಕಳನ್ನು ಶಾಲೆಗೆ ಸೇರಿಸಿದರು. ಶಾಲೆಯ ವರ್ಗಾವಣೆ ಪತ್ರದಲ್ಲಿ ಆ ದಿನಾಂಕವೇ ನೆಲೆಗೊಂಡಿತು. ಆ ಪತ್ರದ ಬಲದಿಂದ ಪಾಸ್‌ಪೋರ್ಟು ಬಂತು. ಹೀಗೆ ನಮ್ಮ ಎಷ್ಟೋ ಮನೆಗಳ ವಿದೇಶ ಪ್ರಯಾಣದ ಬೇರು ಈ ಬೀರುವಿನಲ್ಲಿದೆ.

ಮುಂದೆ ನಿಯಮ ಬದಲಾಗುತ್ತಾ ಬಂದಿತು. 1989ರ ಜನವರಿ 26ರಂದು ಅಥವಾ ಆನಂತರ ಹುಟ್ಟಿದವರು ಜನನ ಪತ್ರವನ್ನೇ ಕೊಡಬೇಕೆಂಬ ಕಟ್ಟಳೆ ಬಹುಕಾಲ ಇತ್ತು. 2016ರ ಡಿಸೆಂಬರಿನಲ್ಲಿ ಅದನ್ನು ಸಡಿಲಿಸಿ ಶಾಲಾ ಪತ್ರ, ಪಾನ್ ಕಾರ್ಡು, ಆಧಾರ್, ಚಾಲನಾ ಪರವಾನಗಿ, ಮತದಾರರ ಚೀಟಿ, ಜೀವವಿಮೆಯ ಬಾಂಡು ಮುಂತಾದವುಗಳಲ್ಲಿ ಹುಟ್ಟಿದ ದಿನಾಂಕ ನಮೂದಾಗಿದ್ದರೆ ಒಂದನ್ನು ಒಪ್ಪಿಕೊಳ್ಳಲಾಯಿತು. 2025ರ ತಿದ್ದುಪಡಿಯ ಪ್ರಕಾರ, 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದ ಮಕ್ಕಳಿಗೆ ಜನನ ಪತ್ರವೊಂದೇ ಪುರಾವೆ. ಆದುದರಿಂದ ಮಗುವಿಗೆ ಜ್ಞಾನಸ್ನಾನ ಕೊಡಿಸಲು ಬರುವ ತಂದೆತಾಯಿಯರು ಸರಕಾರದ ಜನನ ಪತ್ರವನ್ನೂ ಮಾಡಿಸಿಕೊಳ್ಳತಕ್ಕದ್ದು. ಎರಡರಲ್ಲಿಯೂ ಒಂದೇ ಹೆಸರನ್ನು, ಒಂದೇ ಅಕ್ಷರಗಳಲ್ಲಿ ಬರೆಯಿಸತಕ್ಕದ್ದು. ಹುಟ್ಟಿ ಒಂದು ವರ್ಷ ಕಳೆದರೂ ನೋಂದಣಿಯಾಗದಿದ್ದರೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಅಪ್ಪಣೆ ಬೇಕು.

ಯಾವ ಬಾಗಿಲಿಗೆ ಯಾವ ಪತ್ರವೆಂಬುದನ್ನೂ ಅರಿತಿರಬೇಕು. ಸಮುದ್ರದಾಚೆಯ ದೇಶಗಳಿಗೆ ಪಾಸ್‌ಪೋರ್ಟು ಇಲ್ಲದೆ ಗತಿಯಿಲ್ಲ. ನೇಪಾಳ ಭೂತಾನಗಳಿಗೆ ಮಾತ್ರ ಪಾಸ್‌ಪೋರ್ಟು ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. ಹದಿನೈದು ವರ್ಷಕ್ಕೆ ಕಡಿಮೆಯವರಿಗೂ ಅರವತ್ತೈದು ದಾಟಿದವರಿಗೂ ಆಧಾರ್ ನಡೆಯುತ್ತದೆ, ಉಳಿದವರಿಗೆ ನಡೆಯದು. ಆಧಾರ್ ಪೌರತ್ವದ ಸಾಕ್ಷಿಯಲ್ಲವೆಂದು ಅದರ ಕಾಯಿದೆಯೇ ಹೇಳುತ್ತದೆ. ಪಾಸ್‌ಪೋರ್ಟು ಇದ್ದರೂ ಅವಧಿ ಮುಗಿಯಲು ಆರು ತಿಂಗಳಾದರೂ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ಹತ್ತನೆಯ ತರಗತಿ ಮುಗಿಸದೆ ಕೊಲ್ಲಿಗೆ ದುಡಿಯಹೋಗುವವರು 1983ರ ವಲಸೆ ಕಾಯಿದೆಯಂತೆ ಅನುಮತಿ ಪಡೆಯಬೇಕಾಗಬಹುದು. ಅದು ಅಡ್ಡಿಯಲ್ಲ, ದಲ್ಲಾಳಿಗಳ ಮೋಸದಿಂದ ರಕ್ಷಣೆ. ಇನ್ನು ಹೊರದೇಶದ ಚರ್ಚಿನಲ್ಲಿ ವಿವಾಹವಾಗುವವರಿಗೂ ಕನ್ಯಾಮಠ ಸೇರುವವರಿಗೂ ಬೇಕಾದದ್ದು ಹೊಸದಾಗಿ ಬರೆಸಿಕೊಂಡ ಜ್ಞಾನಸ್ನಾನದ ಪ್ರಮಾಣಪತ್ರ. ಏಕೆಂದರೆ ದೃಢೀಕರಣ, ವಿವಾಹ, ಗುರುದೀಕ್ಷೆಗಳನ್ನೆಲ್ಲ ಆ ಪುಸ್ತಕದ ಅಂಚಿನಲ್ಲಿಯೇ ಗುರುತಿಸಲಾಗುತ್ತದೆ. ಪಾಸ್‌ಪೋರ್ಟು ನಾವು ಯಾವ ದೇಶದವರೆಂದು ಹೇಳುತ್ತದೆ. ಇದು ನಾವು ಧರ್ಮಸಭೆಯಲ್ಲಿ ಯಾರೆಂದು ಹೇಳುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ನಮ್ಮ ಬಳಗದ ಹಿರಿಯರೊಬ್ಬರು ಪವಿತ್ರ ನಾಡಿನ ಯಾತ್ರೆಗೆಂದು ವರ್ಷಗಟ್ಟಲೆ ಹಣ ಕೂಡಿಟ್ಟಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಂದು ಚೀಟಿಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ವಯಸ್ಸಿನಲ್ಲಿ ಒಂಬತ್ತು ವರ್ಷಗಳ ಅಂತರ. ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಸಂಗಡಿಗರು ಹೊರಟ ದಿನ ಅವರು ರೈಲು ನಿಲ್ದಾಣದವರೆಗೆ ಬಂದು ಬೀಳ್ಕೊಟ್ಟು ಹಿಂದಿರುಗಿದರು. ಕೊನೆಗೆ ಹಳೆಯ ಪುಸ್ತಕದಲ್ಲಿ ಲತೀನ್ ಹೆಸರನ್ನು ಹುಡುಕಿ, ತಂದೆತಾಯಿಯರ ಹೆಸರುಗಳಿಂದ ಅದು ಅವರದೇ ಎಂದು ಖಚಿತಪಡಿಸಿ, ಒಂದೊಂದೇ ದಾಖಲೆಯನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವರ ಮೊಣಕಾಲು ಸೋತಿತ್ತು. ಯಾತ್ರೆ ಕೈಗೂಡಲಿಲ್ಲ. 'ನನ್ನ ಮೊಮ್ಮಕ್ಕಳದ್ದಾದರೂ ಸರಿಯಾಗಿ ಬರೆಸಿ' ಎಂದಷ್ಟೇ ಅವರು ಹೇಳಿದರು. ಈ ಲೇಖನಕ್ಕೆ ಆ ಮಾತೇ ಪ್ರೇರಣೆ.

ಒಂಟಿ ಹೆಸರಿನ ತೊಂದರೆಯನ್ನೂ ಇಲ್ಲಿ ಹೇಳಬೇಕು. ಬರಿಯ 'ಚೌರಪ್ಪ' ಎಂದಿರುವ ಪಾಸ್‌ಪೋರ್ಟು ನಮ್ಮ ದೇಶದಲ್ಲಿ ಸಿಂಧುವೇ. ಆದರೆ 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ದೇಶವು ಸಂದರ್ಶಕರ ವೀಸಾಕ್ಕೆ ಒಂಟಿ ಹೆಸರನ್ನು ಒಪ್ಪುವುದಿಲ್ಲವೆಂದಿತು. ಪಾಸ್‌ಪೋರ್ಟಿನಲ್ಲಿ ತಂದೆಯ ಅಥವಾ ಮನೆತನದ ಹೆಸರು ಇದ್ದರೆ ಆಗಬಹುದೆಂದು ಅನಂತರ ತಿಳಿಸಲಾಯಿತು. ಹೆಸರಿನ ಮುಂದೆ ಬರಿಯ ಇನಿಷಿಯಲ್ ಹಾಕುವ ನಮ್ಮ ಅಭ್ಯಾಸವೂ ಅಲ್ಲಿ ಸಲ್ಲದು. ಅದನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ದಾಸೋಜನ ಮಗ ಚಾವಣನು ಕಲ್ಲಿನಲ್ಲಿ ತಂದೆಯ ಹೆಸರನ್ನು ಬಿಡದೆ ಕೆತ್ತಿದ್ದು ವ್ಯರ್ಥವಲ್ಲ!

ಕೊನೆಯದಾಗಿ, ಮನಸ್ಸಿಗೆ ನೋವಾದರೂ ಹೇಳಲೇಬೇಕಾದ ಮಾತೊಂದಿದೆ. ಕೆಲಸಕ್ಕೆ ಅನುಕೂಲವಾಗಲೆಂದು 'ಎರಡು ವರ್ಷ ಕಡಿಮೆ ಬರೆದುಕೊಡಿ ಫಾದರ್' ಎಂದು ಗುರುಗಳನ್ನು ಪೀಡಿಸುವವರು ಇದ್ದಾರೆ. ಬಡತನದ ಒತ್ತಡ ನಮಗೆ ಅರ್ಥವಾಗದ್ದಲ್ಲ. ಆದರೆ ದಾಖಲೆ ಪುಸ್ತಕ ಗುರುಗಳ ಸ್ವಂತದ್ದಲ್ಲ. ನಿಜವಾದ ತಪ್ಪಿದ್ದರೂ ಹಳೆಯ ಬರಹವನ್ನು ಅಳಿಸದೆ, ಧರ್ಮಾಧ್ಯಕ್ಷರ ಕಚೇರಿಯ ಒಪ್ಪಿಗೆಯಿಂದ ಅಂಚಿನಲ್ಲಿ ಟಿಪ್ಪಣಿ ಬರೆಯುವುದೇ ಕ್ರಮ. ಸುಳ್ಳು ವಿವರ ಕೊಟ್ಟು ಪಾಸ್‌ಪೋರ್ಟು ಪಡೆದವನಿಗೆ ಕಾಯಿದೆಯಲ್ಲಿ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅದಕ್ಕಿಂತ ದೊಡ್ಡ ಹಾನಿ ಬೇರೊಂದಿದೆ: ಒಂದು ಪುಟದಲ್ಲಿ ಸುಳ್ಳು ಹೊಕ್ಕರೆ ಉಳಿದ ಪುಟಗಳ ಸತ್ಯವನ್ನೂ ಯಾರೂ ನಂಬರು. ನೂರು ವರ್ಷ ನಮ್ಮನ್ನು ಕಾಪಾಡಿದ ಪುಸ್ತಕದ ಬೆಲೆ ಅದರ ನಂಬಿಕೆಯಲ್ಲಿದೆ.

ಹಿಂದೆ ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಅಲೆಯಬೇಕಾಗಿತ್ತು. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯೊಂದರಲ್ಲಿ ಸೇವಾ ಕೇಂದ್ರ ತೆರೆದ ಮೇಲೆ ಹಾಸನಕ್ಕೂ ಆ ಸೌಕರ್ಯ ಬಂತು. ದಾರಿ ಹತ್ತಿರವಾಗಿದೆ, ಕಾಗದಗಳು ಒಂದಕ್ಕೊಂದು ಹೊಂದಬೇಕಾದದ್ದು ಮಾತ್ರ ಉಳಿದಿದೆ. ಈ ಶತಮಾನೋತ್ಸವ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಎಲ್ಲ ದಾಖಲೆಗಳನ್ನು ಒಂದು ಸಂಜೆ ಮೇಜಿನ ಮೇಲೆ ಹರಡಿ ಹೆಸರು, ತಂದೆಯ ಹೆಸರು, ಊರು, ದಿನಾಂಕಗಳನ್ನು ಹೋಲಿಸಿ ನೋಡಲಿ ಎಂದು ನಾವು ವಿನಯದಿಂದ ಕೋರುತ್ತೇವೆ. ನಮ್ಮ ಹೆಸರುಗಳು ಪರಲೋಕದಲ್ಲಿ ಬರೆಯಲ್ಪಟ್ಟಿರಲಿ ಎಂಬುದೇ ನಮ್ಮೆಲ್ಲರ ಪ್ರಾರ್ಥನೆ. ಈ ಲೋಕದ ಪುಸ್ತಕಗಳಲ್ಲಿಯೂ ಅವು ತಪ್ಪಿಲ್ಲದೆ ಇರುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.