ತಂದೆಯಿಲ್ಲದ ದೊರೆಮಗ

ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರೆತ್ತಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಜರಿಪೇಟದ ಗಂಭೀರ ಮೂರ್ತಿ; ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ. ಆ ಮೂರ್ತಿಗೂ ಒಂದು ಎಳೆಯ ಪ್ರಾಯವಿತ್ತು, ಅದು ನೆಮ್ಮದಿಯದಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ.

೧೮೯೪ರ ಡಿಸೆಂಬರ್ ೨೮ರಂದು ಅವರ ತಂದೆ ಚಾಮರಾಜ ಒಡೆಯರು ದೂರದ ಕಲ್ಕತ್ತೆಯಲ್ಲಿ ಡಿಫ್ತೀರಿಯಾ ರೋಗಕ್ಕೆ ತುತ್ತಾದರು. ಮಗನಿಗೆ ಆಗ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರಿಗೆ, ಎಂದರೆ ವಾಣಿವಿಲಾಸ ಸನ್ನಿಧಾನದವರಿಗೆ, ಇನ್ನೂ ಮೂವತ್ತು ತುಂಬಿರಲಿಲ್ಲ. ಐದು ಮಕ್ಕಳ ತಾಯಿ. ಮೇಲೆ ರಾಜ್ಯದ ಹೊಣೆ. ೧೮೯೫ರಲ್ಲಿ ಬಾಲಕನಿಗೆ ಪಟ್ಟವಾಯಿತು, ತಾಯಿ ರೀಜೆಂಟರಾದರು.

ದುಃಖ ಒಂದಕ್ಕೇ ಮುಗಿಯಲಿಲ್ಲ. ೧೮೯೭ರಲ್ಲಿ ಹಿರಿಯ ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ಬಂದು ಬೆಂಗಳೂರಿನ ಬೀದಿಗಳನ್ನೇ ಬರಿದುಮಾಡಿತು. ತಂದೆ, ಹುಟ್ಟಿದ ಮನೆ, ಕಣ್ಣೆದುರಿನ ಪ್ರಜೆಗಳು: ಹದಿನೈದು ತುಂಬುವಷ್ಟರಲ್ಲಿ ಆ ಹುಡುಗ ಕಂಡ ನಷ್ಟ ಸಣ್ಣದಲ್ಲ.

ಇಂಥ ಮಗನನ್ನು ಸೆರಗಿನ ಮರೆಯಲ್ಲೇ ಇಟ್ಟುಕೊಳ್ಳಬೇಕೆನ್ನುವುದು ಯಾವ ತಾಯಿಗಾದರೂ ಸಹಜ. ಸನ್ನಿಧಾನದವರು ಹಾಗೆ ಮಾಡಲಿಲ್ಲ. ತಾವು ದಿವಾನ್ ಶೇಷಾದ್ರಿ ಅಯ್ಯರರೊಡನೆ ರಾಜ್ಯಭಾರದ ಕಡತಗಳನ್ನು ನೋಡುತ್ತ, ಮಗನ ಪಾಠವನ್ನು ಬೇರೆಯವರ ಕೈಗೆ ಬಿಟ್ಟರು. ಮೊದಲು ಪಿ. ರಾಘವೇಂದ್ರರಾಯರು, ಆಮೇಲೆ ೧೮೯೬ರಿಂದ ಸ್ಟೂಅರ್ಟ್ ಫ್ರೇಸರ್ ಎಂಬ ಐ.ಸಿ.ಎಸ್. ಅಧಿಕಾರಿ. ಈ ಫ್ರೇಸರರು ನಮ್ಮ ನಾಡಿಗೆ ಹೊಸಬರೇನಲ್ಲ. ಇದಕ್ಕೆ ಮುಂಚೆ ಧಾರವಾಡದಲ್ಲಿ ಕೊಲ್ಲಾಪುರದ ಶಾಹು ಮಹಾರಾಜರಿಗೂ ಅವರೇ ಗುರುಗಳು. ಅವರೂ ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡ ಹುಡುಗ. ಇಬ್ಬರನ್ನೂ ಮುಂದೆ ಜನ ರಾಜರ್ಷಿಗಳೆಂದು ಕರೆದರು.

ಬ್ರಿಟಿಷರಿಗೆ ಬೇಕಾಗಿದ್ದುದು ತಮ್ಮ ಮಾತು ಕೇಳುವ ಅರಸರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಫ್ರೇಸರರು ಮಾಡಿದ ಒಂದು ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ದೊರೆಮಗನನ್ನು ಒಂಟಿಯಾಗಿ ಕೂಡಿಸಿ ಪಾಠ ಹೇಳದೆ, ಸಮವಯಸ್ಕ ಹುಡುಗರ ಒಂದು ಪುಟ್ಟ ತರಗತಿಯನ್ನೇ ಕಟ್ಟಿದರು. ನಮಸ್ಕರಿಸುವವರೇ ಸುತ್ತಲೂ ತುಂಬಿರುವ ಹುಡುಗನಿಗೆ ಜೊತೆಗೆ ಕೂತು ಲೆಕ್ಕ ತಪ್ಪುವವನೊಬ್ಬ ಬೇಕಲ್ಲವೆ? ಆ ತರಗತಿಯ ಹುಡುಗರಲ್ಲಿ ಒಬ್ಬ ಮಿರ್ಜಾ ಇಸ್ಮಾಯಿಲ್. ರಾಜಮನೆತನಕ್ಕೆ ಸೇರದವನು, ಮತದಿಂದಲೂ ಬೇರೆ. ತಂದೆಯ ಸ್ಥಾನ ಯಾರಿಂದಲೂ ತುಂಬದು; ಗೆಳೆಯನ ಸ್ಥಾನ ತುಂಬಿತು.

ಪಾಠದ ಜೊತೆಗೆ ಕುದುರೆ ಸವಾರಿ, ಸಂಗೀತ ಇದ್ದವು, ಆಡಳಿತದ ಶಿಕ್ಷಣವೂ ಇತ್ತು. ಅವುಗಳ ಪಟ್ಟಿ ಇಲ್ಲಿ ಬೇಡ.

೧೯೦೨ರ ಆಗಸ್ಟ್ ೮ರಂದು ಜಗನ್ಮೋಹನ ಅರಮನೆಯಲ್ಲಿ ವೈಸ್‌ರಾಯ್ ಕರ್ಜನ್ ಅಧಿಕಾರ ವಹಿಸಿಕೊಟ್ಟಾಗ ಕೃಷ್ಣರಾಜರಿಗೆ ಹದಿನೆಂಟು. ಹೊಸ ಅರಮನೆ ಇನ್ನೂ ಕಟ್ಟುತ್ತಿತ್ತು. ಏಳು ವರ್ಷ ಹೊತ್ತ ಹೊಣೆಯನ್ನು ತಾಯಿ ಅಂದೇ ಇಳಿಸಿದರು. ಮಿರ್ಜಾ ಇನ್ನೂ ವಿದ್ಯಾರ್ಥಿ, ಬಿ.ಎ. ಮುಗಿಸಿ ಮೈಸೂರು ಸರ್ಕಾರದ ಸೇವೆಗೆ ಸೇರಿ, ೧೯೨೬ರಲ್ಲಿ ದಿವಾನನಾಗಿ, ೧೯೪೦ರಲ್ಲಿ ಗೆಳೆಯ ಕಣ್ಮುಚ್ಚುವವರೆಗೂ ಅದೇ ಹುದ್ದೆಯಲ್ಲಿದ್ದ.