ಅರಬಿ ಕಲಿಕೆ: ಅಕ್ಷರದಿಂದ ಅರ್ಥದೆಡೆಗೆ

ಪರಭಾಷೆಯ ಕಲಿಕೆ ಇಸ್ಲಾಮಿನ ಇತಿಹಾಸಕ್ಕೆ ಹೊಸತಲ್ಲ. ಪ್ರವಾದಿ ಮುಹಮ್ಮದ್(ಸ)ರವರ ಆದೇಶದಂತೆ ಹ. ಝೈದ್ ಬಿನ್ ಸಾಬಿತ್(ರ)ರವರು ಯಹೂದಿಯರ ಬರಹವನ್ನು ಅರ್ಧ ತಿಂಗಳೊಳಗೆ ಕಲಿತರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. ಬಂದ ಪತ್ರಗಳನ್ನು ಓದಿ ಹೇಳುವುದು, ಉತ್ತರ ಬರೆಯುವುದು ಅವರ ಹೊಣೆಯಾಗಿತ್ತು. ಅಲ್ಲಿ ಓದುವುದೆಂದರೆ ಅರ್ಥ ಗ್ರಹಿಸುವುದೇ ಆಗಿತ್ತು.

ಅಳ್ನಾವರದ ಮಕ್ಕಳನ್ನು ನೋಡೋಣ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಮೂರು ಭಾಷೆಗಳನ್ನು ಅವರು ಆಡುತ್ತಲೇ ಕಲಿಯುತ್ತಾರೆ. ಆದರೆ ಅರಬಿಯ ವಿಷಯದಲ್ಲಿ ನಮ್ಮ ಬಹುತೇಕ ಮಕ್ತಬ್‌ಗಳ ಪಾಠ ಖಾಯಿದಾ ಮತ್ತು ತಜ್‌ವೀದ್‌ನಲ್ಲೇ ನಿಲ್ಲುತ್ತದೆ. ಪಾರಾಯಣಕ್ಕೆ ಪುಣ್ಯವಿದೆ, ಉಚ್ಚಾರ ಶುದ್ಧಿಯೂ ಅಗತ್ಯ. ಆದರೆ ಪವಿತ್ರ ಕುರ್‌ಆನ್ ತನ್ನ ವಚನಗಳ ಕುರಿತು ಚಿಂತಿಸಬೇಕೆಂದೂ ಹೇಳುತ್ತದೆ (38:29). ಅರ್ಥ ತಿಳಿಯದವನು ಚಿಂತಿಸುವುದಾದರೂ ಹೇಗೆ?

ಈ ಕೊರತೆಗೆ ಇತಿಹಾಸವಿದೆ. 18ನೇ ಶತಮಾನದಲ್ಲಿ ಲಖನೌದ ಫರಂಗಿ ಮಹಲ್‌ನ ಮುಲ್ಲಾ ನಿಝಾಮುದ್ದೀನ್(ನಿಧನ 1748)ರವರ ಹೆಸರಿನ ದರ್ಸೆ ನಿಝಾಮಿ ಪಠ್ಯಕ್ರಮ ಭಾರತದಾದ್ಯಂತ ಹರಡಿತು. ಅದರಲ್ಲಿ ಅರಬಿ ವ್ಯಾಕರಣದ ಆರಂಭಿಕ ಪುಸ್ತಕಗಳು ಫಾರ್ಸಿಯಲ್ಲಿದ್ದವು. ಫಾರ್ಸಿ ಬಲ್ಲವರ ಕಾಲದಲ್ಲಿ ಅದು ಸೂಕ್ತವೇ ಆಗಿತ್ತು. ಫಾರ್ಸಿ ಮರೆಯಾದ ಮೇಲೆ ಮಕ್ಕಳು ಒಂದು ಅಪರಿಚಿತ ಭಾಷೆಯನ್ನು ಮತ್ತೊಂದು ಅಪರಿಚಿತ ಭಾಷೆಯ ಮೂಲಕ ಕಲಿಯಬೇಕಾಯಿತು.

ಇದನ್ನು ಮನಗಂಡು ಸುಧಾರಣೆಗೆ ಮುಂದಾದವರೂ ನಮ್ಮ ಉಲೆಮಾಗಳೇ. 1930ರಲ್ಲಿ ಲಖನೌದ ನದ್ವತುಲ್ ಉಲಮಾಗೆ ಬಂದ ಮೊರಾಕ್ಕೋದ ತಕಿಯ್ಯುದ್ದೀನ್ ಹಿಲಾಲಿಯವರು ಅರಬಿಯನ್ನು ಅರಬಿಯಲ್ಲೇ ಕಲಿಸಿದರು. ಅವರ ಶಿಷ್ಯ ಮೌಲಾನಾ ಅಬುಲ್ ಹಸನ್ ಅಲಿ ನದ್ವಿಯವರು ಮಕ್ಕಳಿಗಾಗಿ ಪ್ರವಾದಿಗಳ ಕಥೆಗಳನ್ನು ಸರಳ ಅರಬಿಯಲ್ಲಿ ಬರೆದರು. ಮುಂದೆ ತಮಿಳುನಾಡಿನ ವಾಣಿಯಂಬಾಡಿಯಲ್ಲಿ ಜನಿಸಿದ ಡಾ. ವಿ. ಅಬ್ದುರ್ರಹೀಮ್(1933–2023)ರವರು ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಅರಬೇತರರಿಗಾಗಿ ಮೂರು ಭಾಗಗಳ ಪಠ್ಯ ರಚಿಸಿದರು. ಅದು ವ್ಯಾಕರಣ ಸೂತ್ರದಿಂದಲ್ಲ, ವಸ್ತುವನ್ನು ತೋರಿಸಿ 'ಇದು ಮನೆ' ಎನ್ನುವಂತಹ ಚಿಕ್ಕ ವಾಕ್ಯದಿಂದ ಆರಂಭವಾಗುತ್ತದೆ. ಪ್ರತಿ ಪಾಠದಲ್ಲೂ ಒಂದೆರಡು ಹೊಸ ನಿಯಮ, ಆ ಬಳಿಕ ಅಭ್ಯಾಸ. ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಅದು ಬಳಕೆಯಲ್ಲಿದೆ. ಅರಬಿ ಮಾತೃಭಾಷೆಯಲ್ಲದ ದಕ್ಷಿಣ ಭಾರತೀಯರೊಬ್ಬರಿಂದ ಈ ಸೇವೆ ನಡೆದದ್ದು ನಮಗೆ ಪಾಠವಾಗಬೇಕು.

ಕನ್ನಡ ಬಲ್ಲ ಮಗುವಿಗೆ ಇನ್ನೊಂದು ಅನುಕೂಲವಿದೆ. ಅಳ್ನಾವರ ಇಂದು ತಾಲೂಕು ಕೇಂದ್ರ; 'ತಾಲೂಕು' ಎಂಬ ಪದವೇ ಅರಬಿ ಮೂಲದ್ದು. ಅರ್ಜಿ, ಅಸಲು, ಬಾಕಿ, ಹಕ್ಕು, ವಕೀಲ ಎಂಬ ಪದಗಳೂ ಹಾಗೆಯೇ. ಮಗು ಕಂಠಪಾಠ ಮಾಡುವ ಸೂರಃ ಅಲ್ ಅಸ್ರ್‌ನಲ್ಲಿ 'ಹಕ್ಕ್' ಸತ್ಯವೆಂಬ ಅರ್ಥದಲ್ಲಿದೆ. ಆಲು ಇಮ್ರಾನ್ ಅಧ್ಯಾಯದ 173ನೇ ವಚನದಲ್ಲಿ 'ವಕೀಲ್' ಎಂದರೆ ನಮ್ಮ ಕಾರ್ಯಗಳನ್ನು ವಹಿಸಿಕೊಡಲು ಅರ್ಹನಾದ ಅಲ್ಲಾಹನು. ಹೀಗೆ ನಾಲಗೆಯಲ್ಲಿರುವ ಪದದಿಂದಲೇ ಕುರ್‌ಆನಿನ ಪದಕ್ಕೆ ದಾರಿ ತೆರೆಯಬಹುದು.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ದಿನದ ಪಾಠದ ಕೊನೆಗೆ ಐದು ಪದಗಳ ಅರ್ಥ, ವಾರಕ್ಕೊಂದು ಚಿಕ್ಕ ಸೂರಃದ ವಿವರಣೆ, ಕನ್ನಡದಲ್ಲಿ ಬರೆದ ಒಂದು ಪದಪಟ್ಟಿ ಸಾಕು. ಮೊಬೈಲ್, ವೀಡಿಯೋ ಪಾಠಗಳು ನೆರವಾಗಬಲ್ಲವು. ಆದರೆ ಅವು ಉಸ್ತಾದರ ಸ್ಥಾನ ತುಂಬಲಾರವು. ನಮಾಝ್‌ನಲ್ಲಿ ನಿಂತ ಮಗುವಿಗೆ ತಾನು ಏನು ಹೇಳುತ್ತಿದ್ದೇನೆಂಬುದು ತಿಳಿದಿರಲಿ. ಆ ಹೊಣೆ ಹೆತ್ತವರಾದ ನಮ್ಮದು, ಜಮಾಅತ್‌ನದು. ಅಲ್ಲಾಹನು ನಮಗೆ ತೌಫೀಕ್ ನೀಡಲಿ, ಆಮೀನ್.